ಮೂರು ವರ್ಷ ಬೆಂಚು, ಎರಡು ವರ್ಷ ಆಟ

ಓದುಗರ ಪ್ರಶ್ನೆಗಳಿಗೆ ಕ್ರೀಡಾ ಅಂಕಣಕಾರರ ಉತ್ತರ. ಈ ಬಾರಿಯ ಪತ್ರಗಳಲ್ಲಿ ಕೆಲವು ಅಮೆರಿಕದ ಕಾಲೇಜು ಫುಟ್‌ಬಾಲಿಗೆ ಸಂಬಂಧಿಸಿದವು. ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಈ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ.

ಪ್ರಶ್ನೆ: ನನ್ನ ತಂಗಿಯ ಮೊಮ್ಮಗ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದವನು. ಅಲ್ಲಿನ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಸೇರಿ ಎರಡು ವರ್ಷವಾದರೂ ಅವನನ್ನು ಒಂದು ಪಂದ್ಯದಲ್ಲಿಯೂ ಆಡಿಸಿಲ್ಲ. ತಂಗಿ ಫೋನ್ ಮಾಡಿದಾಗಲೆಲ್ಲ, "ಜೋ ಬರೋ ಅನ್ನುವವನೂ ಹೀಗೇ ಕಾದಿದ್ದನಂತೆ ಅಕ್ಕ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ಈ ಜೋ ಬರೋ ಯಾರು? ಕಾಯುವುದರಲ್ಲಿ ನಿಜಕ್ಕೂ ಪ್ರಯೋಜನವಿದೆಯೇ? — ಓರ್ವ ಓದುಗರು, ಮೈಸೂರು

ಉತ್ತರ: ನಿಮ್ಮ ತಂಗಿಯವರ ಮಾತು ಅರ್ಧ ಸರಿ. ಬರೋ ಮೂರು ವರ್ಷ ಕಾದದ್ದು ನಿಜ. ಆದರೆ ಅವರ ಅದೃಷ್ಟ ತಿರುಗಿದ್ದು ಇನ್ನು ಕಾಯುವುದಿಲ್ಲವೆಂದು ಎದ್ದು ಹೋದ ಮೇಲೆ. ಹಾಗೆ ಎದ್ದು ಹೋಗಲು ಅವರಿಗೆ ಸಾಧ್ಯವಾದದ್ದು ಕೈಯಲ್ಲಿ ಪದವಿ ಇದ್ದುದರಿಂದ. ಈ ಸಂಗತಿಯನ್ನು ಅವರ ಅಭಿಮಾನಿಗಳೂ ಮರೆತುಬಿಡುವುದುಂಟು.

ಮೊದಲು ಕ್ವಾರ್ಟರ್‌ಬ್ಯಾಕ್‌ನ ಪಾಡು ಏನೆಂಬುದನ್ನು ನೋಡೋಣ. ನೂರು ಗಜದ ಮೈದಾನ, ಒಂದೊಂದು ತಂಡಕ್ಕೆ ಹನ್ನೊಂದು ಮಂದಿ, ನಾಲ್ಕು ಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ಯಬೇಕು ಎಂಬ ಕಟ್ಟಳೆ. ಹೆಚ್ಚುಕಡಿಮೆ ಪ್ರತಿ ಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ನೂರು ಕಿಲೋಗಿಂತ ಹೆಚ್ಚು ತೂಗುವ ಆಳುಗಳು ಮೈಮೇಲೆ ಬೀಳಲು ಧಾವಿಸುತ್ತಿರುವಾಗ, ಎರಡು ಮೂರು ಸೆಕೆಂಡುಗಳಲ್ಲಿ, ಅದನ್ನು ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಈ ಜಾಗ ಒಂದೇ ಒಂದು. ಕ್ರಿಕೆಟ್ ತಂಡವೊಂದರಲ್ಲಿ ನಾಲ್ಕೈದು ಬೌಲರುಗಳಿಗೆ ಅವಕಾಶವಿರುತ್ತದೆ, ಆದರೆ ಇಬ್ಬರು ಒಳ್ಳೆಯ ವಿಕೆಟ್‌ಕೀಪರುಗಳಿದ್ದರೆ ಒಬ್ಬ ಗ್ಲೌಸು ತೊಡದೆ ಕೂರಬೇಕಾಗುತ್ತದೆಯಲ್ಲ, ಇಲ್ಲಿಯೂ ಹಾಗೆಯೇ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಒಂದು ಜಾಗಕ್ಕೆ ಮೂವರು ನಾಲ್ವರು ಕಾದಿರುತ್ತಾರೆ, ಅವರಲ್ಲಿ ಪ್ರತಿಯೊಬ್ಬನೂ ತನ್ನ ಶಾಲೆಯಲ್ಲಿ ಎದುರಿಲ್ಲದಂತೆ ಆಡಿದವನೇ ಆಗಿರುತ್ತಾನೆ.

ಜೋ ಬರೋ 1996ರ ಡಿಸೆಂಬರ್ 10ರಂದು ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಹುಟ್ಟಿದರು. ತಂದೆ ಜಿಮ್ ಬರೋ ಕಾಲೇಜು ತಂಡಗಳ ತರಬೇತುದಾರರಾಗಿದ್ದರು. ಅವರ ಕೆಲಸದ ಹಿಂದೆ ಸಂಸಾರವೂ ಊರೂರು ತಿರುಗಿ, ಕಡೆಗೆ ಒಹಾಯೊ ರಾಜ್ಯದ ಆಗ್ನೇಯ ಮೂಲೆಯ ಅಥೆನ್ಸ್ ಕೌಂಟಿಯಲ್ಲಿ ನೆಲೆ ನಿಂತಿತು. ತಂದೆ ಮತ್ತು ಇಬ್ಬರು ಅಣ್ಣಂದಿರು ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು, ಆದರೆ ಕಿರಿಯ ಮಗನಿಗೆ ಅಲ್ಲಿಂದ ವಿದ್ಯಾರ್ಥಿವೇತನದ ಕರೆ ಬರಲಿಲ್ಲ. 2014ರಲ್ಲಿ ತಮ್ಮ ಅಥೆನ್ಸ್ ಪ್ರೌಢಶಾಲೆಯನ್ನು ರಾಜ್ಯಮಟ್ಟದ ಫೈನಲ್‌ವರೆಗೆ ಕೊಂಡೊಯ್ದ ಅವರು 56–52ರ ಅಂತರದಲ್ಲಿ ಸೋತರು. ಆ ವರ್ಷ ಒಹಾಯೊದ ಅತ್ಯುತ್ತಮ ಶಾಲಾ ಆಟಗಾರನಿಗೆ ಸಲ್ಲುವ 'ಮಿಸ್ಟರ್ ಫುಟ್‌ಬಾಲ್' ಗೌರವ ಅವರಿಗೇ ದೊರೆಯಿತು. 2015ರಲ್ಲಿ ಕೊಲಂಬಸ್ ನಗರದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದರು. ಆ ತಂಡ ಅದೇ ತಾನೇ ರಾಷ್ಟ್ರೀಯ ಚಾಂಪಿಯನ್ ಆಗಿತ್ತು.

ಮೊದಲ ವರ್ಷ ಬರೀ ಅಭ್ಯಾಸದಲ್ಲಿ ಕಳೆಯಿತು. ಮುಂದಿನ ಎರಡು ವರ್ಷಗಳಲ್ಲಿ ಸೇರಿ ಹತ್ತು ಪಂದ್ಯಗಳಲ್ಲಿ ಮೈದಾನಕ್ಕಿಳಿದರು, ಅದೂ ಬಹುಮಟ್ಟಿಗೆ ಪಂದ್ಯದ ತೀರ್ಮಾನ ಆಗಿಹೋದ ಹೊತ್ತಿನಲ್ಲಿ. ಮೂರು ವರ್ಷಗಳ ಲೆಕ್ಕ ಇಷ್ಟೇ: 39 ಎಸೆತ, ಅವುಗಳಲ್ಲಿ ಗುರಿ ಮುಟ್ಟಿದವು 29, ಒಟ್ಟು 287 ಗಜ, ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಇಂಥ ಹುಡುಗರು ವಾರವಿಡೀ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಶನಿವಾರ ಎದುರಾಗಲಿರುವ ತಂಡ ಹೇಗೆ ಆಡುತ್ತದೆಂದು ಕಲಿತು, ಮಂಗಳವಾರ ಬುಧವಾರಗಳಲ್ಲಿ ಆ ಎದುರಾಳಿಯ ವೇಷ ಹಾಕಿ ತನ್ನದೇ ತಂಡದ ರಕ್ಷಣಾ ಪಡೆಯ ಮುಂದೆ ಆಡಿ ತೋರಿಸಬೇಕು. ಇದಕ್ಕೆ ಸ್ಕೌಟ್ ಟೀಮ್ ಎನ್ನುತ್ತಾರೆ. ನಿಮ್ಮ ತಂಗಿಯ ಮೊಮ್ಮಗ ಈಗ ಮಾಡುತ್ತಿರುವುದು ಬಹುಶಃ ಇದನ್ನೇ, ಇದು ಸುಮ್ಮನೆ ಕೂರುವ ಕೆಲಸವಲ್ಲ.

2017ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಬರೋ ಅವರ ಕೈ ಮೂಳೆ ಮುರಿಯಿತು. ಆ ಬಿಡುವಿನಲ್ಲಿ ಎರಡನೆಯ ಸ್ಥಾನಕ್ಕೆ ಏರಿದ ಡ್ವೇನ್ ಹ್ಯಾಸ್ಕಿನ್ಸ್, ನವೆಂಬರಿನಲ್ಲಿ ಬದ್ಧ ವೈರಿ ಮಿಶಿಗನ್ ಎದುರು ಮೊದಲ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಮೈದಾನಕ್ಕಿಳಿದು ತಂಡವನ್ನು ಗೆಲ್ಲಿಸಿಬಿಟ್ಟರು. ಮರುವರ್ಷ ವಸಂತದ ಅಭ್ಯಾಸ ಮುಗಿಯುವ ಹೊತ್ತಿಗೆ ತರಬೇತುದಾರರ ಒಲವು ಯಾರ ಕಡೆಗಿದೆ ಎಂಬುದು ಸ್ಪಷ್ಟವಾಗಿತ್ತು. ಬರೋ 2018ರ ಮೇ ತಿಂಗಳಲ್ಲಿ ಪದವಿ ಪಡೆದು ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ತನ್ನ ರಾಜ್ಯದ ಹುಡುಗನನ್ನೇ ಒಹಾಯೊ ಸ್ಟೇಟ್ ಗುರುತಿಸಲಿಲ್ಲವೆಂದು ಮುಂದೆ ಹಲವರು ಹಳಿದರು. ಇದು ನ್ಯಾಯವಾದ ಮಾತೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ 2018ರಲ್ಲಿ ಹ್ಯಾಸ್ಕಿನ್ಸ್ 50 ಟಚ್‌ಡೌನ್ ಎಸೆತಗಳನ್ನು ಕೊಟ್ಟರು. ತರಬೇತುದಾರರು ತಪ್ಪಿರಲಿಲ್ಲ, ಇಬ್ಬರು ಅರ್ಹರಿದ್ದರು, ಜಾಗ ಒಂದಿತ್ತು. (ಆ ಹ್ಯಾಸ್ಕಿನ್ಸ್ 2022ರ ಏಪ್ರಿಲ್‌ನಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಫ್ಲೋರಿಡಾದ ಹೆದ್ದಾರಿಯೊಂದರಲ್ಲಿ ವಾಹನ ಬಡಿದು ತೀರಿಕೊಂಡರು.)

ಹೊಸ ಕಾಲೇಜಿನಲ್ಲಿಯೂ ಮೊದಲ ವರ್ಷವೇ ಪವಾಡವೇನೂ ನಡೆಯಲಿಲ್ಲ. 13 ಪಂದ್ಯಗಳಲ್ಲಿ 10 ಗೆಲುವು, 16 ಟಚ್‌ಡೌನ್ ಎಸೆತಗಳು. ಕೆಟ್ಟದಲ್ಲ, ಕೊಂಡಾಡುವಂಥದ್ದೂ ಅಲ್ಲ. ಆದರೆ ಆ ಋತುವಿನ ಕೊನೆಯ ಪಂದ್ಯವನ್ನು ಹೇಳಲೇಬೇಕು. 2019ರ ಜನವರಿ 1ರ ಫಿಯೆಸ್ಟಾ ಬೌಲ್; ಎದುರಾಳಿ ಸತತ 25 ಪಂದ್ಯ ಗೆದ್ದು ಬಂದಿದ್ದ ಸೆಂಟ್ರಲ್ ಫ್ಲೋರಿಡಾ. ಆರಂಭದಲ್ಲಿಯೇ ಬರೋ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಅದನ್ನು ಹಿಡಿದವನು ಗೆರೆಯತ್ತ ಓಡುತ್ತಿದ್ದಾಗ, ಅವನ ಬೆನ್ನು ಹತ್ತಿದ್ದ ಬರೋಗೆ ಬದಿಯಿಂದ ಬಂದ ಇನ್ನೊಬ್ಬ ಆಟಗಾರ ಗುದ್ದಿದ ರಭಸಕ್ಕೆ ಅವರು ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತು ಮೇಲೇಳಲಿಲ್ಲ. ಎದ್ದವರು ಪಂದ್ಯ ಬಿಟ್ಟು ಹೋಗಲಿಲ್ಲ. ಮುಂದೆ ನಾಲ್ಕು ಟಚ್‌ಡೌನ್ ಎಸೆದು ಪಂದ್ಯವನ್ನು 40–32ರಲ್ಲಿ ಗೆಲ್ಲಿಸಿಕೊಟ್ಟರು. ಹೊರ ರಾಜ್ಯದಿಂದ ಬಂದ ಹುಡುಗ ಲೂಸಿಯಾನದವರ ಮನೆಮಗನಾಗತೊಡಗಿದ್ದು ಆ ದಿನದಿಂದ ಎಂದು ನನ್ನ ಎಣಿಕೆ.

ಅದೇ ವರ್ಷ ನ್ಯೂ ಆರ್ಲಿಯನ್ಸ್‌ನ ವೃತ್ತಿಪರ ತಂಡದಿಂದ ಜೋ ಬ್ರೇಡಿ ಎಂಬ ಯುವ ತರಬೇತುದಾರರು ಬಂದು ಸೇರಿದರು. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸಿ, ಚೆಂಡನ್ನು ಬೇಗ ಕೈಬಿಡುವ ಪದ್ಧತಿ ಅವರದು. ಎದುರಾಳಿಯ ನಿಲುವನ್ನು ಕ್ಷಣದಲ್ಲಿ ಓದಬಲ್ಲ ಬರೋಗೆ ಅದು ಹೇಳಿ ಮಾಡಿಸಿದಂತಿತ್ತು. ಚೆಂಡು ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್‌ಸನ್‌ರಂಥವರು ಜೊತೆಗಿದ್ದರು. ಇಬ್ಬರೂ ಇಂದು ವೃತ್ತಿಪರ ಲೀಗಿನ ಮುಂಚೂಣಿಯ ಆಟಗಾರರು. ಹೀಗಾಗಿ ಆ ವರ್ಷ ನಡೆದದ್ದನ್ನು ಒಬ್ಬನ ಸಾಧನೆಯೆಂದು ಕಥೆ ಕಟ್ಟುವುದು ಸರಿಯಲ್ಲ. ಹಾಗಿದ್ದೂ ಅಂಕಿಗಳು ಬೆರಗು ಹುಟ್ಟಿಸುತ್ತವೆ. 15 ಪಂದ್ಯ, 15 ಗೆಲುವು, 5,671 ಗಜ, ಆಗಿನ ದಾಖಲೆಯಾದ 60 ಟಚ್‌ಡೌನ್ ಎಸೆತಗಳು, ನೂರು ಎಸೆತಗಳಲ್ಲಿ 76 ಗುರಿ ಮುಟ್ಟಿದವು. ಸೆಮಿಫೈನಲ್‌ನಲ್ಲಿ ಓಕ್ಲಹೋಮಾ ಎದುರು ಏಳು ಟಚ್‌ಡೌನ್‌ಗಳನ್ನು ಎಸೆದರು, ಏಳೂ ವಿರಾಮಕ್ಕೆ ಮುಂಚೆಯೇ. 2020ರ ಜನವರಿ 13ರ ಫೈನಲ್‌ನಲ್ಲಿ ಕ್ಲೆಮ್‌ಸನ್ ಎದುರು 7–17ರ ಹಿನ್ನಡೆಯಲ್ಲಿದ್ದ ತಂಡ 42–25ರಲ್ಲಿ ಗೆದ್ದಿತು.

ಆ ಋತುವಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಅಂಗಿ. ಕೊನೆಯ ವರ್ಷದ ಆಟಗಾರರನ್ನು ತವರು ಮೈದಾನದಲ್ಲಿ ಬೀಳ್ಕೊಡುವ ದಿನ ಬರೋ ಬೆನ್ನ ಮೇಲಿನ ತಮ್ಮ ಹೆಸರಿನ ಕಾಗುಣಿತವನ್ನು ಬದಲಾಯಿಸಿಕೊಂಡು ಬಂದರು. ಲೂಸಿಯಾನ ಒಂದು ಕಾಲಕ್ಕೆ ಫ್ರೆಂಚರ ವಸಾಹತಾಗಿತ್ತು. 'ಓ' ಎಂದು ಉಚ್ಚರಿಸಿ 'ಇ-ಎ-ಯು-ಎಕ್ಸ್' ಎಂದು ಬರೆಯುವ ಮನೆತನದ ಹೆಸರುಗಳು ಅಲ್ಲಿ ಬೀದಿಗೊಂದರಂತೆ ಸಿಗುತ್ತವೆ. ಬರೋ ತಮ್ಮ ಹೆಸರಿನ ಬಾಲಕ್ಕೂ ಆ ನಾಲ್ಕು ಅಕ್ಷರಗಳನ್ನು ಹಚ್ಚಿಕೊಂಡಿದ್ದರು. ಎರಡು ವರ್ಷದ ಹಿಂದೆ ಬಂದ ಪರಸ್ಥಳದವನು ಹೊರಡುವ ಹೊತ್ತಿಗೆ ಊರಿನವನಾಗಿ ಹೋದ.

ಇನ್ನು ನಿಮ್ಮ ಮನೆಯ ಹುಡುಗನ ವಿಚಾರ. ಕಾಯಬೇಕೇ ಬೇಡವೇ ಎಂಬುದನ್ನು ಇಲ್ಲಿ ಕುಳಿತು ಹೇಳುವುದು ಉದ್ಧಟತನವಾದೀತು. ಆದರೆ ಮುಂದಿನ ಸಲ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿ ನೋಡಿ: ಪದವಿಗೆ ಇನ್ನೆಷ್ಟು ಸೆಮಿಸ್ಟರ್ ಬಾಕಿ? ಆಡಲು ಅರ್ಹತೆ ಇನ್ನೆಷ್ಟು ಋತುಗಳಿಗಿದೆ? ಅವನಿಗಿಂತ ಮುಂದಿರುವ ಆಟಗಾರ ಈಗ ಯಾವ ವರ್ಷದಲ್ಲಿದ್ದಾನೆ? ಮುಂದಿರುವವನು ಕೊನೆಯ ವರ್ಷದವನಾದರೆ ಕಾಯುವುದಕ್ಕೆ ಕಾರಣವಿದೆ. ಅವನು ಇವನಿಗಿಂತ ಕಿರಿಯನಾಗಿದ್ದರೆ, ಬರೋ ಮಾಡಿದ ಲೆಕ್ಕವನ್ನು ಇವನೂ ಮಾಡಬೇಕಾಗುತ್ತದೆ.

ಪ್ರಶ್ನೆ: ಪದವಿ ಮುಗಿದ ಮೇಲೂ ಕಾಲೇಜು ತಂಡದಲ್ಲಿ ಎರಡು ವರ್ಷ ಆಡುವುದು ಹೇಗೆ ಸಾಧ್ಯ? — ಓರ್ವ ವಿದ್ಯಾರ್ಥಿ, ಧಾರವಾಡ

ಉತ್ತರ: ಅಮೆರಿಕದ ಕಾಲೇಜು ಕ್ರೀಡೆಗಳ ಒಕ್ಕೂಟವಾದ ಎನ್‌ಸಿಎಎ ನಿಯಮದಂತೆ ಒಬ್ಬ ಆಟಗಾರನಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತು ಆಡುವ ಅರ್ಹತೆ ಇರುತ್ತಿತ್ತು. ಪಂದ್ಯಕ್ಕಿಳಿಯದೆ ಅಭ್ಯಾಸದಲ್ಲಷ್ಟೇ ಕಳೆದ ಆ ಒಂದು ವರ್ಷಕ್ಕೆ ರೆಡ್‌ಶರ್ಟ್ ವರ್ಷ ಎಂದು ಹೆಸರು. 2018ರಿಂದ ಈಚೆಗೆ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷವನ್ನು ಉಳಿಸಿಕೊಳ್ಳಬಹುದಾಯಿತು. ಬರೋ 2015ನ್ನು ಹಾಗೆ ಉಳಿಸಿಕೊಂಡು, ಮೂರೇ ವರ್ಷಗಳಲ್ಲಿ ಪದವಿ ಮುಗಿಸಿದರು. ಕೈಯಲ್ಲಿ ಎರಡು ಋತು ಮಿಕ್ಕಿದ್ದವು, ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಲೂಸಿಯಾನಕ್ಕೆ ಸೇರಿದರು.

ಇಲ್ಲಿಯೇ ಪದವಿಯ ಮಹತ್ವ ಇರುವುದು. ಆಗಿನ ನಿಯಮದ ಪ್ರಕಾರ ಪದವಿ ಮುಗಿಸದೆ ಇನ್ನೊಂದು ದೊಡ್ಡ ಕಾಲೇಜಿಗೆ ಹೋದ ಫುಟ್‌ಬಾಲ್ ಆಟಗಾರ ಒಂದು ವರ್ಷ ಆಡದೆ ಕೂರಬೇಕಿತ್ತು, ಪದವೀಧರನಿಗೆ ಆ ನಿರ್ಬಂಧವಿರಲಿಲ್ಲ. ಬರೋ ಪದವಿಗೆ ಇನ್ನೊಂದು ವರ್ಷ ತೆಗೆದುಕೊಂಡಿದ್ದರೆ 2018ರ ಋತು ಕೈತಪ್ಪುತ್ತಿತ್ತು, ಹೊಸ ತಂಡಕ್ಕೆ ಹೊಂದಿಕೊಳ್ಳಲು ಸಿಕ್ಕ ಆ ವರ್ಷವಿಲ್ಲದೆ 2019 ಹಾಗೆ ನಡೆಯುತ್ತಿತ್ತೆಂದು ನಾನು ನಂಬಲಾರೆ. 2018ರ ಅಕ್ಟೋಬರಿನಲ್ಲಿ ವರ್ಗಾವಣೆ ಬಯಸುವವರ ಹೆಸರು ನೋಂದಾಯಿಸುವ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. 2021ರಲ್ಲಿ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಕೂರದೆಯೇ ಕಾಲೇಜು ಬದಲಿಸಬಹುದೆಂದಾಯಿತು. ಗಾಳಿ ಬಂದಾಗ ತೂರಿಕೊಳ್ಳುವವರನ್ನು ತಪ್ಪೆನ್ನಲಾಗದು. ಆದರೆ ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನೆಲ್ಲ ಇನ್ನೊಂದು ಕಾಲೇಜು ಒಪ್ಪಿಕೊಳ್ಳಲೇಬೇಕೆಂದಿಲ್ಲ. ಮೂರು ಕಾಲೇಜು ತಿರುಗಿ ಪದವಿಯಿಲ್ಲದೆ ಮನೆಗೆ ಬರುವ ಅಪಾಯ ಈಗ ಮೊದಲಿಗಿಂತ ಹೆಚ್ಚು.

ಪ್ರಶ್ನೆ: ಲಕ್ಷ ಜನ ಟಿಕೆಟ್ ಕೊಂಡು ನೋಡುವ ಪಂದ್ಯದಲ್ಲಿ ಆಡುವ ವಿದ್ಯಾರ್ಥಿಗೆ ಸಂಬಳ ಎಷ್ಟು? — ಓರ್ವ ಓದುಗರು, ಮಂಗಳೂರು

ಉತ್ತರ: ಬರೋ ಆಡುತ್ತಿದ್ದ ಕಾಲಕ್ಕೆ ಸಂಬಳ ಸೊನ್ನೆ. ಶುಲ್ಕ, ವಸತಿ, ಊಟ, ಪುಸ್ತಕ, ಅದರ ಮೇಲೆ ಸಣ್ಣದೊಂದು ಖರ್ಚಿನ ಮೊತ್ತ. ಇಷ್ಟು ವಿದ್ಯಾರ್ಥಿವೇತನದಲ್ಲಿ ಬರುತ್ತಿತ್ತು. ಅವರ 9ನೆಯ ಸಂಖ್ಯೆಯ ಅಂಗಿಯನ್ನು ತೊಟ್ಟ ಸಾವಿರಾರು ಜನ ಕ್ರೀಡಾಂಗಣದಲ್ಲಿ ಕುಳಿತಿದ್ದರೂ ಆ ಮಾರಾಟದಲ್ಲಿ ಅವರಿಗೆ ಪಾಲಿರಲಿಲ್ಲ. ನಿಯಮ ಎಷ್ಟು ಬಿಗಿಯಾಗಿತ್ತೆಂದರೆ, 2020ರ ಫೈನಲ್ ಗೆದ್ದ ಸಂಭ್ರಮದಲ್ಲಿ ಹಳೆಯ ವಿದ್ಯಾರ್ಥಿಯಾದ ವೃತ್ತಿಪರ ಆಟಗಾರರೊಬ್ಬರು ಮೈದಾನದಲ್ಲಿಯೇ ಹುಡುಗರ ಕೈಗೆ ನೋಟುಗಳನ್ನು ತುರುಕಿದ್ದಕ್ಕೆ ವಿಶ್ವವಿದ್ಯಾಲಯ ಅವರಿಗೆ ತನ್ನ ಕ್ರೀಡಾ ಆವರಣದೊಳಗೆ ಎರಡು ವರ್ಷ ಪ್ರವೇಶ ನಿಷೇಧಿಸಿತು.

2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್, ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಸವಲತ್ತುಗಳ ಮೇಲೆ ಎನ್‌ಸಿಎಎ ಹೇರಿದ್ದ ಮಿತಿಗಳು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ತೀರ್ಪು ಕೊಟ್ಟಿತು. ಹತ್ತೇ ದಿನಗಳಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಲು ಕೊಟ್ಟು ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇನ್ನೊಂದು ರಾಜಿಯಂತೆ, ವಿಶ್ವವಿದ್ಯಾಲಯಗಳೇ ನೇರವಾಗಿ ತಮ್ಮ ಕ್ರೀಡಾಪಟುಗಳಿಗೆ ಆದಾಯದ ಪಾಲು ಕೊಡಬಹುದು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಮಿತಿ ಸುಮಾರು 2.05 ಕೋಟಿ ಡಾಲರ್. ಬರೋ 2021ರ ಆ ಬದಲಾವಣೆಗೂ ಒಂದೂವರೆ ವರ್ಷ ಮೊದಲೇ ಕಾಲೇಜು ಆಟ ಮುಗಿಸಿದ್ದರು.

ಪ್ರಶ್ನೆ: ಅಷ್ಟು ಪ್ರತಿಭೆಯಿದ್ದರೆ ಶಾಲೆಯಿಂದ ನೇರವಾಗಿ ವೃತ್ತಿಪರ ಲೀಗಿಗೆ ಏಕೆ ಹೋಗಬಾರದು? ಕಾಲೇಜಿನಲ್ಲಿ ಆಡಿದವರಲ್ಲಿ ಎಷ್ಟು ಜನ ಅಲ್ಲಿಗೆ ತಲುಪುತ್ತಾರೆ? — ಓರ್ವ ದೈಹಿಕ ಶಿಕ್ಷಕರು, ದಾವಣಗೆರೆ

ಉತ್ತರ: ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್, ಪ್ರೌಢಶಾಲೆ ಬಿಟ್ಟು ಮೂರು ವರ್ಷ ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಒಹಾಯೊ ಸ್ಟೇಟ್‌ನವರೇ ಆದ ಮಾರಿಸ್ ಕ್ಲಾರೆಟ್ 2003ರಲ್ಲಿ ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ, 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತರು. ಹಾಗಾಗಿ ಕಾಲೇಜೇ ಹೆಬ್ಬಾಗಿಲು.

ಎಷ್ಟು ಜನ ತಲುಪುತ್ತಾರೆಂದರೆ, ಎನ್‌ಸಿಎಎ ತಾನೇ ಪ್ರಕಟಿಸಿರುವ ಲೆಕ್ಕದಂತೆ ನೂರಕ್ಕೆ ಇಬ್ಬರೂ ಇಲ್ಲ, ಸುಮಾರು ಶೇಕಡ 1.6. ಲೀಗಿನ 32 ತಂಡಗಳು ಪ್ರತಿವರ್ಷ ಏಪ್ರಿಲ್‌ನಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸುತ್ತವೆ. ಏಳು ಸುತ್ತು, 2020ರಲ್ಲಿ 255 ಹೆಸರು. ಕೋವಿಡ್ ಕಾರಣ ಆ ವರ್ಷದ ಆಯ್ಕೆ ದೂರಸಂಪರ್ಕದಲ್ಲಿಯೇ ನಡೆಯಿತು; ಮೊದಲ ಹೆಸರಾಗಿ ತಮ್ಮನ್ನು ಸಿನ್ಸಿನಾಟಿ ಬೆಂಗಾಲ್ಸ್ ಕರೆದಾಗ ಬರೋ ಒಹಾಯೊದ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕುಳಿತಿದ್ದರು. ಎಷ್ಟನೆಯವರಾಗಿ ಆಯ್ಕೆಯಾದರೆಂಬುದರಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ಈ ಲೀಗಿನ ಅತಿ ಯಶಸ್ವಿ ಕ್ವಾರ್ಟರ್‌ಬ್ಯಾಕ್ ಎನಿಸಿದ ಟಾಮ್ ಬ್ರೇಡಿ 2000ದಲ್ಲಿ 199ನೆಯವರಾಗಿ ಆಯ್ಕೆಯಾದವರು. ಮೊದಲಿಗನಾದವನಿಗೂ ಆಟ ದಯೆ ತೋರುವುದಿಲ್ಲ. 2020ರ ನವೆಂಬರ್ 22ರಂದು ಬರೋ ಅವರ ಎಡ ಮಂಡಿಯ ಸ್ನಾಯುಬಂಧಗಳು ಹರಿದವು. ಮರುವರ್ಷವೇ ಚೇತರಿಸಿಕೊಂಡು, ಮೂವತ್ತೊಂದು ವರ್ಷ ಪ್ಲೇಆಫ್ (ಸೋತವರು ಹೊರಬೀಳುವ ಕೊನೆಯ ಹಂತ) ಪಂದ್ಯವನ್ನೇ ಗೆಲ್ಲದಿದ್ದ ತಂಡವನ್ನು ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಯ್ದು 20–23ರಲ್ಲಿ ಸೋತರು. 2023ರ ಸೆಪ್ಟೆಂಬರಿನಲ್ಲಿ ಐದು ವರ್ಷಕ್ಕೆ 27.5 ಕೋಟಿ ಡಾಲರ್ ಒಪ್ಪಂದವಾಯಿತು, ಎರಡೇ ತಿಂಗಳಲ್ಲಿ ಮಣಿಕಟ್ಟಿನ ಗಾಯದಿಂದ ಆ ಋತುವೇ ಮುಗಿಯಿತು. ಮಕ್ಕಳಿಗೆ ಈ ಆಟದ ಬಗ್ಗೆ ಹೇಳುವಾಗ ಡಾಲರುಗಳ ಜೊತೆ ಈ ಮಂಡಿಯನ್ನೂ ಮಣಿಕಟ್ಟನ್ನೂ ಸೇರಿಸಿ ಹೇಳಿ, ಗುರುಗಳೇ.

ಪ್ರಶ್ನೆ: ಭಾರತೀಯ ಮೂಲದವರು ಯಾರಾದರೂ ಅಷ್ಟು ಮೇಲಕ್ಕೆ ಹೋಗಿದ್ದಾರೆಯೇ? — ಓರ್ವ ಓದುಗರು, ಬೆಂಗಳೂರು

ಉತ್ತರ: ಬೆರಳೆಣಿಕೆಯಷ್ಟು ಮಂದಿ. ತಂದೆಯ ಕಡೆಯಿಂದ ಭಾರತೀಯರಾದ ಬ್ರ್ಯಾಂಡನ್ ಚಿಲ್ಲರ್, ಲಾಸ್ ಏಂಜಲೀಸ್‌ನ ಯುಸಿಎಲ್ಎ ತಂಡದಲ್ಲಿ ಆಡಿ, 2004ರಲ್ಲಿ ಆಯ್ಕೆಯಾಗಿ, ರ‍್ಯಾಮ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ತಂಡಗಳಲ್ಲಿ ರಕ್ಷಣಾ ವಿಭಾಗದ ಲೈನ್‌ಬ್ಯಾಕರ್ ಆಗಿದ್ದರು.

ಪ್ರಶ್ನೆ: ಹೈಸ್‌ಮನ್ ಪ್ರಶಸ್ತಿ ಪಡೆಯುವಾಗ ಬರೋ ಅತ್ತರಂತೆ. ಅದು ಯಾವ ಪ್ರಶಸ್ತಿ, ಅತ್ತದ್ದು ಏಕೆ? — ಓರ್ವ ಗೃಹಿಣಿ, ಶಿರಸಿ

ಉತ್ತರ: ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಪತ್ರಕರ್ತರೂ ಹಿಂದಿನ ವಿಜೇತರೂ ಮತ ಹಾಕಿ ಕೊಡುವ ಪ್ರಶಸ್ತಿ ಅದು. 2019ರ ಡಿಸೆಂಬರ್ 14ರಂದು ನ್ಯೂಯಾರ್ಕಿನ ವೇದಿಕೆಯಲ್ಲಿ, ಬಹಳ ದೊಡ್ಡ ಅಂತರದಿಂದ ಅದನ್ನು ಗೆದ್ದ ಬರೋ, ಕೆಲವು ಕ್ಷಣ ಮಾತೇ ಹೊರಡದೆ ನಿಂತರು. ಆಮೇಲೆ ತಮ್ಮ ಅಥೆನ್ಸ್ ಕೌಂಟಿಯ ಬಡತನದ ಬಗ್ಗೆ, ಶಾಲೆ ಬಿಟ್ಟು ಮನೆಗೆ ಹೋದರೆ ಹೊಟ್ಟೆ ತುಂಬ ಊಟವಿಲ್ಲದ ಅಲ್ಲಿನ ಮಕ್ಕಳ ಬಗ್ಗೆ ಮಾತಾಡಿದರು. ಆ ಮಕ್ಕಳೂ ಇಲ್ಲಿಗೆ ಬರಬಲ್ಲರು ಎಂದರು. ಮಗನ ಪಂದ್ಯಗಳನ್ನು ನೋಡಲೆಂದೇ ಆ ವರ್ಷ ತರಬೇತಿಯ ಕೆಲಸದಿಂದ ನಿವೃತ್ತರಾಗಿದ್ದ ತಂದೆ ಎದುರಿಗೆ ಕುಳಿತಿದ್ದರು. ಭಾಷಣ ಕೇಳಿದ ಊರಿನವರೊಬ್ಬರು ಅಲ್ಲಿನ ಆಹಾರ ದಾಸೋಹ ಸಂಸ್ಥೆಗಾಗಿ ಅಂತರ್ಜಾಲದಲ್ಲಿ ದೇಣಿಗೆ ಕೇಳಿದರು, ಬಂದದ್ದು ಐದು ಲಕ್ಷ ಡಾಲರಿಗೂ ಹೆಚ್ಚು. ಅದೇ ಡಿಸೆಂಬರಿನಲ್ಲಿ ಅಥೆನ್ಸ್‌ನ ಶಾಲಾ ಮಂಡಳಿ ತನ್ನ ಕ್ರೀಡಾಂಗಣಕ್ಕೆ ಬರೋ ಅವರ ಹೆಸರಿಟ್ಟಿತು. ಬರೋ ಆಗ ಇನ್ನೂ ವಿದ್ಯಾರ್ಥಿ, ಸೆಮಿಫೈನಲ್ ಬಾಕಿಯಿತ್ತು.